ಹೊಸಿಲಿನಿಂದ ಮೋರಿಯವರೆಗೆ: ಬಡಾವಣೆಯೊಂದನ್ನು ನಡೆದು ಓದುವ ಬಗೆ

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ "ಏರಿಯಾ ಹೇಗಿದೆ?" ಎಂಬುದೂ ಒಂದು. "ಒಳ್ಳೇ ಜನ", "ಸ್ವಲ್ಪ ಗಲಾಟೆ", "ಯಾರೂ ಯಾರನ್ನೂ ಮಾತಾಡ್ಸಲ್ಲ" ಎಂಬಂಥ ಉತ್ತರಗಳು ಸಿಗುತ್ತವೆ. ಎಲ್ಲವೂ ಕೊನೆಗೆ ಅಲ್ಲಿನ ಜನರ ಗುಣದ ಮೇಲೆಯೇ ಹೋಗಿ ನಿಲ್ಲುತ್ತವೆ. ಆದರೆ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಬೀದಿಯ ಪ್ರತಿ ಮನೆಯ ಮದುವೆ ಮುಂಜಿಗೂ ಹೋಗಿ ಬರುತ್ತಿದ್ದ ಸಂಸಾರವೇ ಹೊರವರ್ತುಲ ರಸ್ತೆಯ ಆಚೆಗಿನ ಹೊಸ ಬಡಾವಣೆಗೆ ಹೋದ ಎರಡು ವರ್ಷದ ನಂತರವೂ ಎದುರು ಮನೆಯವರ ಹೆಸರು ತಿಳಿಯದೆ ಇದ್ದುದನ್ನು ನಾನು ಕಂಡಿದ್ದೇನೆ. ಜನ ಅವರೇ, ಬಾಗಿಲ ಮುಂದಿನ ಜಾಗ ಮಾತ್ರ ಬೇರೆಯಾಗಿತ್ತು.

ಬಡಾವಣೆಯ ಸ್ವಭಾವದ ಬಹುಪಾಲು ತೀರ್ಮಾನವಾಗುವುದು ಮನೆಯ ಹೊಸಿಲಿಗೂ ರಸ್ತೆಬದಿಯ ಮೋರಿಗೂ ನಡುವೆ ಇರುವ ಹತ್ತು ಹದಿನೈದು ಅಡಿಯಲ್ಲಿ ಎಂಬುದು ನನ್ನ ನಂಬಿಕೆ. ಕಟ್ಟಡದ ಅಂದಚಂದಕ್ಕೆ ಅದರಲ್ಲಿ ಪಾಲಿದೆ, ಆದರೆ ನಾವು ಅಂದುಕೊಂಡಷ್ಟು ದೊಡ್ಡ ಪಾಲಲ್ಲ. ಈ ಮಾತು ನಿಮ್ಮ ಬೀದಿಯ ಮಟ್ಟಿಗೆ ನಿಜವೋ ಸುಳ್ಳೋ ಎಂಬುದನ್ನು ನೀವೇ ನಡೆದು, ಅಳೆದು, ಎಣಿಸಿ ನೋಡಬಹುದು. ಅದಕ್ಕೆ ವಾಸ್ತುಶಿಲ್ಪದ ಓದು ಬೇಕಿಲ್ಲ. ಮೂರು ನಾಲ್ಕು ಬಿಡುವಿನ ಹೊತ್ತು ಸಾಕು.

ಹೊರಡುವ ಮುನ್ನ

ಒಂದು ಐದು ಮೀಟರಿನ ಟೇಪು, ಚೌಕುಳಿ ಗೆರೆಯ ನೋಟ್ ಪುಸ್ತಕ ಮತ್ತು ಪೆನ್ಸಿಲು ಇಟ್ಟುಕೊಳ್ಳಿ. ಇಡೀ ವಾರ್ಡನ್ನು ಹಿಡಿಯಲು ಹೋಗಬೇಡಿ. ಸುಮಾರು 400 ಮೀಟರ್ ಉದ್ದ, ಅಷ್ಟೇ ಅಗಲದ ಜಾಗವನ್ನು ಆರಿಸಿಕೊಂಡರೆ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ನಿಮ್ಮ ಹೆಜ್ಜೆಯ ಅಳತೆಯನ್ನು ಮೊದಲೇ ತಿಳಿದುಕೊಳ್ಳಿ: ಟೇಪಿನಿಂದ 20 ಮೀಟರ್ ಗುರುತು ಹಾಕಿ, ಎಂದಿನ ನಡಿಗೆಯಲ್ಲಿ ನಡೆದು ಹೆಜ್ಜೆ ಎಣಿಸಿ. ಹೆಚ್ಚಿನವರಿಗೆ 26ರಿಂದ 28 ಹೆಜ್ಜೆ ಬರುತ್ತದೆ, ಅಂದರೆ ನೂರು ಹೆಜ್ಜೆಗೆ ಸುಮಾರು 75 ಮೀಟರ್. ಆಮೇಲೆ ಟೇಪು ತೆಗೆಯುವ ಪ್ರಸಂಗ ಕಡಿಮೆಯಾಗುತ್ತದೆ. ಅದು ಕಡಿಮೆಯಾಗುವುದೇ ಒಳ್ಳೆಯದು. ನಾನು ಬಸವನಗುಡಿಯ ಬೀದಿಯೊಂದರಲ್ಲಿ ಕಾಲುದಾರಿಯ ಅಗಲ ಅಳೆಯುತ್ತಿದ್ದಾಗ ಹಿರಿಯರೊಬ್ಬರು ಗೇಟಿನಿಂದ ಇಣುಕಿ, "ಏನ್ ಸಾರ್, ರೋಡ್ ಅಗಲ ಮಾಡ್ತಾರಾ? ನಮ್ ಮನೆ ಎಷ್ಟು ಹೋಗತ್ತೆ?" ಎಂದು ಕೇಳಿದ್ದರು. ಇಲ್ಲವೆಂದು ನಂಬಿಸಲು ಕಾಲು ಗಂಟೆ ಹಿಡಿಯಿತು. ಟೇಪು ಹಿಡಿದ ಅಪರಿಚಿತನೆಂದರೆ ಈ ಊರಿನಲ್ಲಿ ಮನೆ ಒಡೆಯುವ ಸುದ್ದಿಯೇ. ಆದ್ದರಿಂದ ಯಾರಾದರೂ ಕೇಳುವ ಮೊದಲೇ ನೀವು ಯಾರು, ಏಕೆ ಅಳೆಯುತ್ತಿದ್ದೀರಿ ಎಂಬುದನ್ನು ಹೇಳಿಬಿಡಿ. ಮಾತಿಗೆ ಮಾತು ಬೆಳೆದರೆ ಆ ಬೀದಿಯ ಐವತ್ತು ವರ್ಷದ ಕಥೆ ಪುಕ್ಕಟೆಯಾಗಿ ಸಿಗುವುದೂ ಉಂಟು.

ಎರಡು ಬಾರಿಯಾದರೂ ನಡೆಯಬೇಕು: ಕೆಲಸದ ದಿನದ ಬೆಳಿಗ್ಗೆ ಏಳರ ಹೊತ್ತಿಗೆ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ಭಾನುವಾರದ ನಡಿಗೆಯನ್ನು ಮಾತ್ರ ನಂಬಿದರೆ ಎಲ್ಲ ಬೀದಿಯೂ ಸಜ್ಜನರ ಬೀದಿಯಾಗಿಯೇ ಕಾಣುತ್ತದೆ.

ಮೊದಲು ನಕ್ಷೆ ನೋಡಿ

ಮನೆಯಲ್ಲಿಯೇ ಕುಳಿತು ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ನಿಮ್ಮ ಜಾಗವನ್ನು ನೋಡಿ, ನೇರ ಗೆರೆಗಳು ಎಲ್ಲಿವೆ, ಡೊಂಕು ಗೆರೆಗಳು ಎಲ್ಲಿವೆ ಎಂಬುದನ್ನು ಗುರುತಿಸಿಕೊಳ್ಳಿ. ಚೌಕಟ್ಟಾಗಿ ಎಳೆದ ಬಡಾವಣೆಯ ನಡುವೆ ಒಂದು ರಸ್ತೆ ಇದ್ದಕ್ಕಿದ್ದಂತೆ ಬಳುಕಿದರೆ ಅದು ಸಾಮಾನ್ಯವಾಗಿ ಬಡಾವಣೆಗಿಂತ ಹಳೆಯದು; ಒಂದೋ ಹಳ್ಳಿಯ ಗಾಡಿ ದಾರಿ, ಇಲ್ಲವೇ ಕೆರೆಯ ಏರಿ, ಇಲ್ಲವೇ ರಾಜಕಾಲುವೆಯ ದಂಡೆ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಅದೇ ಜಾಗವನ್ನು ತೆರೆದರೆ ಸರ್ವೆ ನಂಬರು ಮತ್ತು ಹಳೆಯ ಗ್ರಾಮದ ಗಡಿ ಕಾಣುತ್ತವೆ, ನಿಮ್ಮ ಊಹೆ ಸರಿಯೇ ಎಂಬುದನ್ನು ತಾಳೆ ನೋಡಬಹುದು. ಜಯನಗರದ ಮಗ್ಗುಲಿನ ಬೈರಸಂದ್ರ, ಯಡಿಯೂರು, ಕೋರಮಂಗಲದ ಜಕ್ಕಸಂದ್ರ, ಇವೆಲ್ಲ ಬಡಾವಣೆಯ ನೆರೆಯಲ್ಲೇ ಉಳಿದುಕೊಂಡ ಊರುಗಳು. ಚೌಕದಿಂದ ಈ ಊರಿನ ಓಣಿಗೆ ಕಾಲಿಟ್ಟ ಇಪ್ಪತ್ತು ಹೆಜ್ಜೆಯಲ್ಲಿ ಸದ್ದು, ವಾಸನೆ, ಮಕ್ಕಳ ಸಂಖ್ಯೆ ಎಲ್ಲವೂ ಬದಲಾಗುವುದನ್ನು ಗಮನಿಸಿ.

ಬೆಂಗಳೂರಿನ ಬೀದಿಗಳನ್ನು ಓದಲು ನಾಲ್ಕೈದು ಕಾಲಘಟ್ಟಗಳ ಪರಿಚಯವಿದ್ದರೆ ಸಾಕು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಇಂದಿನ ಅವೆನ್ಯೂ ರಸ್ತೆಯೇ ಅಂದಿನ ದೊಡ್ಡಪೇಟೆ. ಅದರ ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ ಹೀಗೆ ಕಸುಬಿನ ಹೆಸರು ಹೊತ್ತ ಪೇಟೆಗಳಿವೆ. 1809ರಲ್ಲಿ ಬಂದ ಬ್ರಿಟಿಷ್ ಸೈನ್ಯದ ದಂಡು ಪ್ರದೇಶದಲ್ಲಿ (ಕಂಟೋನ್ಮೆಂಟ್) ಬಂಗಲೆ ರಸ್ತೆಯಿಂದ ದೂರ ಸರಿದು, ಮರಗಳ ಹಿಂದೆ, ಕಿಟಕಿಯ ಮೇಲೆ ಮಂಕಿ ಟಾಪ್ ಎಂದು ಕರೆಯುವ ಚೂಪು ಮುಸುಕು ಹಾಕಿಕೊಂಡು ನಿಂತಿತು. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟೇ ಸಾವಿಗೆ ಕಾರಣವೆಂಬ ಭಯ ಹುಟ್ಟಿ, ಗಾಳಿ ಬೆಳಕಿಗೆ ಜಾಗ ಬಿಟ್ಟ ಮಲ್ಲೇಶ್ವರ ಮತ್ತು ಬಸವನಗುಡಿಗೆ ಜನ ಹೋಗಿ ನೆಲೆಸುವುದು ಚುರುಕಾಯಿತು. 1948ರಲ್ಲಿ ಜಯನಗರ ಶುರುವಾಯಿತು; ಬ್ಲಾಕು, ಪಾರ್ಕು, ನಡುವೆ ಒಂದು ಶಾಪಿಂಗ್ ಕಾಂಪ್ಲೆಕ್ಸ್ ಎಂಬ ಲೆಕ್ಕಾಚಾರ ಅದರದು. ಆಮೇಲಿನದು, ಅಂದರೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದ ಮೇಲಿನದು, ಹೆಚ್ಚಾಗಿ 30×40 ನಿವೇಶನದ ಕಥೆ.

ನಕ್ಷೆಯಲ್ಲಿ ಇನ್ನೊಂದು ಕೆಲಸವಿದೆ: ಮೂಲೆಗಳನ್ನು ಎಣಿಸಿ. ನಿಮ್ಮ ಮನೆಯಿಂದ ಹೊರಟು ನೇರ ದಾರಿಯಲ್ಲಿ 400 ಮೀಟರ್ ಹೋದರೆ ಎಷ್ಟು ಅಡ್ಡರಸ್ತೆ ಸಿಗುತ್ತವೆ? ಮಲ್ಲೇಶ್ವರದ ಸಂಪಿಗೆ ರಸ್ತೆ ಅಥವಾ ಮಾರ್ಗೋಸಾ ರಸ್ತೆಯಲ್ಲಿ (ಮಾರ್ಗೋಸಾ ಎಂದರೆ ನಮ್ಮ ಬೇವಿನ ಮರವೇ) ನಡೆದರೆ ಅಡ್ಡರಸ್ತೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಮೂಲೆ ಹೆಚ್ಚಿದ್ದಲ್ಲಿ ಹೂವಿನವರು, ಇಸ್ತ್ರಿಯವರು, ಎಳನೀರಿನವರು, ಕಾಫಿಪುಡಿ ಅಂಗಡಿಯವರು ಹೆಚ್ಚು, ಏಕೆಂದರೆ ಎರಡು ರಸ್ತೆಯ ಗಿರಾಕಿ ಒಬ್ಬರಿಗೇ ಸಿಗುತ್ತಾರೆ. ಮನೆಗೆ ಹೋಗಲು ನಾಲ್ಕು ದಾರಿಯಿದ್ದಾಗ ಜನ ಎದುರು ಬದುರಾಗುವುದೂ ಹೆಚ್ಚು. ಅಷ್ಟೇ ದೂರವನ್ನು ಐಟಿ ಕಂಪನಿಯೊಂದರ ಆವರಣ ಗೋಡೆಯ ಪಕ್ಕದಲ್ಲಿ ನಡೆದರೆ ಒಂದೂ ಮೂಲೆ ಸಿಗದೆ ಇರಬಹುದು. ಅಲ್ಲಿ ನಡೆಯುವವರು ಬಸ್ಸು ತಪ್ಪಿದವರು ಮಾತ್ರ.

ಹತ್ತು ಅಡಿಯ ಅಳತೆ

ಈಗ ಬೀದಿಗೆ ಇಳಿಯಿರಿ. ಒಂದು ಬದಿಯಲ್ಲಿ ನೂರು ಹೆಜ್ಜೆ ನಡೆದು, ರಸ್ತೆಗೆ ಮುಖ ಮಾಡಿರುವ ಮನುಷ್ಯರು ಓಡಾಡುವ ಬಾಗಿಲುಗಳನ್ನು ಎಣಿಸಿ. ಕಾರು ಹೋಗುವ ಗೇಟು ಲೆಕ್ಕಕ್ಕಿಲ್ಲ. ಚಿಕ್ಕಪೇಟೆಯ ಕಡೆ ಎಂಟು ಹತ್ತು ಅಡಿ ಮುಖದ ಅಂಗಡಿಗಳ ಸಾಲಿನಲ್ಲಿ ನೂರು ಹೆಜ್ಜೆಗೆ 25 ಬಾಗಿಲು ಸುಲಭವಾಗಿ ಸಿಗುತ್ತವೆ. ಮೂವತ್ತು ಅಡಿ ಮುಖದ ನಿವೇಶನಗಳ ಸಾಲಿನಲ್ಲಿ ಎಂಟು, ನಲವತ್ತು ಅಡಿ ಮುಖದಲ್ಲಿ ಆರು, ಅರವತ್ತು ಅಡಿಯ ಬಂಗಲೆ ಸಾಲಿನಲ್ಲಿ ನಾಲ್ಕು. ಅಂಕಿ ಕೆಳಗಿಳಿದ ಹಾಗೆ ಬೀದಿ ಮೌನವಾಗುತ್ತದೆ. ಮೌನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ದಂಡು ಪ್ರದೇಶದ ಮೌನಕ್ಕೆ ಅದರದೇ ಘನತೆ ಇತ್ತು. ಆದರೆ ನಾಲ್ಕು ಬಾಗಿಲಿನ ಬೀದಿಯಲ್ಲಿ ಇಪ್ಪತ್ತೈದು ಬಾಗಿಲಿನ ಬೀದಿಯ ಗೆಲವನ್ನು ಬಯಸುವುದು ವ್ಯರ್ಥ.

ಮುಂದಿನದು ಬಾಗಿಲಿಗೂ ರಸ್ತೆಗೂ ನಡುವಿನ ಜಾಗ. ಪುಸ್ತಕದಲ್ಲಿ ಪ್ರತಿ ಮನೆಗೂ ಒಂದು ಚೌಕ ಕೊಟ್ಟು, ಅದರಲ್ಲಿ ತೆ, ಅ, ಮು ಎಂಬ ಅಕ್ಷರಗಳಲ್ಲಿ ಒಂದನ್ನು ಬರೆಯಿರಿ: ತೆರೆದದ್ದು, ಅರೆ ತೆರೆದದ್ದು, ಮುಚ್ಚಿದ್ದು. ಹಳೆಯ ಪೇಟೆಮನೆ ತೆರೆದದ್ದು: ಹೊಸಿಲು ದಾಟಿದರೆ ಜಗಲಿ, ಜಗಲಿ ಇಳಿದರೆ ಬೀದಿ. ಮಲ್ಲೇಶ್ವರ, ಬಸವನಗುಡಿಯ ಹಳೆಯ ಮನೆ ಅರೆ ತೆರೆದದ್ದು: ಮೊದಲು ಮೋರಿಯ ಮೇಲಿನ ಚಪ್ಪಡಿ, ಆಮೇಲೆ ಸಣ್ಣ ಗೇಟು, ದಾಸವಾಳ ಇಲ್ಲವೇ ಪಾರಿಜಾತದ ಗಿಡ, ಮೂರು ಮೆಟ್ಟಿಲು, ಕಂಬಗಳ ವರಾಂಡ. ಈಗಿನ ಹೆಚ್ಚಿನ ಮನೆ ಮುಚ್ಚಿದ್ದು: ನಿವೇಶನದ ಅಂಚಿನವರೆಗೂ ಬಂದು ನಿಂತ ಕಟ್ಟಡ, ನೆಲಮಟ್ಟದಲ್ಲಿ ಕಾರುಗಳು, ಎದುರಿಗೆ ಆಳೆತ್ತರದ ತಗಡಿನ ಗೇಟು, ಮೊದಲ ಕಿಟಕಿ ಹತ್ತು ಅಡಿ ಮೇಲೆ.

ಅರೆ ತೆರೆದದ್ದೋ ಮುಚ್ಚಿದ್ದೋ ಎಂಬ ಅನುಮಾನ ಬಂದರೆ ಕಾಂಪೌಂಡ್ ಗೋಡೆಯ ಎತ್ತರವನ್ನು ಅಳೆಯಿರಿ. ನಡೆಯುವವರ ಕಣ್ಣು ನೆಲದಿಂದ ಸುಮಾರು ಐದು ಅಡಿಯಲ್ಲಿರುತ್ತದೆ. ಒಂದೂವರೆ ಅಡಿ ಎತ್ತರದ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರ ಕಣ್ಣೂ ಹೆಚ್ಚು ಕಡಿಮೆ ಅಷ್ಟೇ ಎತ್ತರಕ್ಕೆ ಬರುತ್ತದೆ. ನಾಲ್ಕು ಅಡಿ ಗೋಡೆಯಿದ್ದರೆ ಇಬ್ಬರ ಕಣ್ಣೂ ಕೂಡುತ್ತವೆ, ಆಗ "ಕಾಫಿ ಆಯ್ತಾ?" ಎನ್ನದೆ ಮುಂದೆ ಹೋಗುವುದು ಅಸಭ್ಯವಾಗುತ್ತದೆ. ಆರು ಅಡಿ ಗೋಡೆಯಿದ್ದರೆ ಆ ಸಂಕೋಚವೇ ಹುಟ್ಟುವುದಿಲ್ಲ. ವರಾಂಡವನ್ನು ಕಟ್ಟಿದ ಮೇಸ್ತ್ರಿಗಳು ಸ್ನೇಹದ ಲೆಕ್ಕ ಹಾಕಿ ಕಟ್ಟಿದರೆಂದು ನಾನು ಹೇಳಲಾರೆ. ಮಳೆನೀರು ಒಳಗೆ ಬರಬಾರದೆಂದೇ ಎತ್ತರಿಸಿರಬೇಕು.

ಒಂದು ಮನೆಯ ಮುಂದೆ ಐದು ನಿಮಿಷ ನಿಲ್ಲೋಣ. ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಾನು ಬಹಳ ವರ್ಷ ಹಾದುಹೋಗುತ್ತಿದ್ದ ಮನೆಯಿದು. ತೆರೆದ ಮೋರಿಯ ಮೇಲೆ ಆಳುದ್ದದ ಒಂದು ಚಪ್ಪಡಿ ಕಲ್ಲಿತ್ತು, ಗೇಟಿನ ಎರಡೂ ಬದಿಗೆ ಕೆಂಪು ಗಾರೆಯ ಪುಟ್ಟ ಕಟ್ಟೆಗಳಿದ್ದವು. ಬೆಳಿಗ್ಗೆ ಚಪ್ಪಡಿ ತೊಳೆದು ಎಳೆ ರಂಗೋಲಿ ಹಾಕುತ್ತಿದ್ದರು. ಏಳೂವರೆಗೆ ಹೂವಿನಾಕೆ ಬಂದು ರಂಗೋಲಿಯನ್ನು ತುಳಿಯದಂತೆ ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸುತ್ತಿದ್ದಳು. ಬುಟ್ಟಿ ಇಳಿದ ಕೂಡಲೇ ಅಕ್ಕಪಕ್ಕದ ಮೂರು ಮನೆಯವರು ಅಲ್ಲಿಗೇ ಬರುತ್ತಿದ್ದರು, ಮೊಳ ಹಾಕುವ ಹೊತ್ತಿಗೆ ಬೀದಿಯ ಸುದ್ದಿಯೆಲ್ಲ ಕೈ ಬದಲಾಗುತ್ತಿತ್ತು. ಮಧ್ಯಾಹ್ನ ಅಂಚೆಯವರು, ಸಂಜೆ ಶಾಲೆ ಬಿಟ್ಟ ಮಕ್ಕಳು ಅದೇ ಕಟ್ಟೆಯ ಮೇಲೆ. ಕೆಲವು ವರ್ಷಗಳ ಹಿಂದೆ ಮೋರಿ ಮುಚ್ಚಿ ಅದರ ಮೇಲೆ ಕಾಲುದಾರಿ ಮಾಡಿದರು, ಕಾರು ಏರಲೆಂದು ಮನೆಯವರು ಕಾಂಕ್ರೀಟಿನ ಇಳಿಜಾರು ಹಾಕಿಸಿಕೊಂಡರು, ಕಟ್ಟೆಗಳು ಗೇಟಿನ ಅಗಲಕ್ಕೆ ಬಲಿಯಾದವು. ಹೂವಿನಾಕೆ ಈಗಲೂ ಬರುತ್ತಾಳೆ. ಬುಟ್ಟಿ ಇಳಿಸಲು ಜಾಗವಿಲ್ಲದ್ದರಿಂದ ಹೂವನ್ನು ಕವರಿನಲ್ಲಿ ಕಟ್ಟಿ ಗೇಟಿಗೆ ಸಿಕ್ಕಿಸಿ ಹೋಗುತ್ತಾಳೆ. ಲೆಕ್ಕ ತಿಂಗಳಿಗೊಮ್ಮೆ ಫೋನಿನಲ್ಲಿ. ನಿಮ್ಮ ಬೀದಿಯಲ್ಲಿ ಬುಟ್ಟಿ ಇಳಿಸಬಹುದಾದ ಜಾಗ ಎಷ್ಟಿದೆ ಎಂಬುದನ್ನು ಪ್ರತ್ಯೇಕವಾಗಿ ಎಣಿಸಿ ಬರೆದುಕೊಳ್ಳಿ. ಮಂಡಿಯೆತ್ತರದ, ಗಟ್ಟಿಯಾದ, ಯಾರೂ ಎದ್ದು ಹೋಗೆನ್ನದ ಜಾಗವಾದರೆ ಸಾಕು. ಕಟ್ಟೆ, ಮೆಟ್ಟಿಲು, ಅರಳಿಕಟ್ಟೆ, ಅಂಗಡಿಯ ಮುಂದಿನ ಹಲಗೆ, ಯಾವುದಾದರೂ ಸರಿ.

ಕಾಲುದಾರಿ, ಇಳಿಜಾರು, ನೆರಳು

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ನಡಿಗೆಯ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್ ಮೀರಬಾರದು. ಇಲ್ಲಿ "ಅಡೆತಡೆಯಿಲ್ಲದ" ಎಂಬ ಪದವೇ ಮುಖ್ಯ. ಗೋಡೆಯಿಂದ ಅಂಚುಗಲ್ಲಿನವರೆಗೆ ಟೇಪು ಹಿಡಿದು ಎರಡು ಮೀಟರ್ ಬಂತೆಂದು ಸಂತೋಷಪಡಬೇಡಿ. ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಮರದ ಬುಡ, ನಿಲ್ಲಿಸಿದ ಸ್ಕೂಟರು ಎಲ್ಲವನ್ನೂ ಕಳೆದು ಉಳಿಯುವುದನ್ನು ಬರೆಯಿರಿ. ಪ್ರತಿ ಮನೆಯೂ ತನ್ನ ಗೇಟಿನ ಮಟ್ಟಕ್ಕೆ ಹಾಕಿಕೊಂಡ ಇಳಿಜಾರಿನಿಂದ ಕಾಲುದಾರಿ ಅಲೆಯಂತೆ ಏರಿಳಿಯುತ್ತಿದ್ದರೆ ನೂರು ಹೆಜ್ಜೆಗೆ ಎಷ್ಟು ಬಾರಿ ಏರಿಳಿದಿರಿ ಎಂದೂ ಎಣಿಸಿ. ಮಂಡಿ ನೋವಿನವರು ಕಾಲುದಾರಿ ಬಿಟ್ಟು ರಸ್ತೆಯಲ್ಲಿ ನಡೆಯುವುದಕ್ಕೆ ಅದೇ ಕಾರಣ, ಅವರಿಗೆ ಶಿಸ್ತಿಲ್ಲವೆಂದಲ್ಲ.

ಒಳ್ಳೆಯ ಮಾದರಿ ಬೇಕಿದ್ದರೆ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ಒಮ್ಮೆ ನಡೆದು ಬನ್ನಿ. ಅಲ್ಲಿ ತಂತಿ, ಕೊಳವೆಗಳನ್ನು ನೆಲದಡಿಗೆ ಹಾಕಿ, ವಾಹನಗಳ ಪಟ್ಟಿಯನ್ನು ಒಂದೇ ಅಗಲಕ್ಕೆ ಕಟ್ಟಿ, ಉಳಿದದ್ದನ್ನು ನಡೆಯುವವರಿಗೆ ಕೊಟ್ಟಿದ್ದಾರೆ. ಆ ರಸ್ತೆಗಳು ನನಗೆ ಮೆಚ್ಚುಗೆ; ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಅಲ್ಲಿ ಯಾರೂ ನಿಂತು ಮಾತಾಡುವುದಿಲ್ಲ, ಏಕೆಂದರೆ ಹಿಂದಿರುವ ಕಟ್ಟಡಗಳ ಮುಖ ಬದಲಾಗಿಲ್ಲ. ಬೀದಿಯ ನೆಲವನ್ನು ಸರ್ಕಾರ ಸರಿಮಾಡಬಹುದು, ಹೊಸಿಲಿನ ಕಡೆಯ ಅರ್ಧ ಮನೆಯವರದೇ.

ನೆರಳನ್ನು ಮಧ್ಯಾಹ್ನ ಹನ್ನೆರಡರಿಂದ ಒಂದರ ನಡುವೆ ನೋಡಬೇಕು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು ಎಂಬುದು ಹೆಸರಾದ ಸಂಗತಿ. ಬೀದಿಯ ಲೆಕ್ಕಕ್ಕೆ ಹೂವಿಗಿಂತ ಹಬ್ಬಿದ ಕೊಂಬೆಯೇ ಮುಖ್ಯ. ಎಳನೀರಿನ ಗಾಡಿ, ಚಪ್ಪಲಿ ಹೊಲಿಯುವವರು, ಆಟೋ ನಿಲ್ದಾಣ ಎಲ್ಲೆಲ್ಲಿ ಇವೆಯೆಂದು ಗುರುತು ಹಾಕಿ, ಆಮೇಲೆ ನೆರಳಿನ ಗುರುತು ಹಾಕಿ. ಎರಡೂ ಒಂದರ ಮೇಲೊಂದು ಕೂಡುವುದನ್ನು ಕಾಣುತ್ತೀರಿ. ಮಳೆಮರವೊಂದನ್ನು ಕಡಿದರೆ ಹೋಗುವುದು ಮರ ಮಾತ್ರವಲ್ಲ, ಅದರಡಿಯ ಮೂರು ಕಸುಬುಗಳೂ ಹೋಗುತ್ತವೆ.

ಎತ್ತರ ಮತ್ತು ಅಗಲ

ಇದನ್ನು ಬೇಗ ಮುಗಿಸೋಣ. ಗೋಡೆಯಿಂದ ಗೋಡೆಗೆ ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು, ಕಟ್ಟಡದ ಎತ್ತರವನ್ನು ಮಹಡಿಗೆ ಮೂರು ಮೀಟರಿನ ಲೆಕ್ಕದಲ್ಲಿ ಅಂದಾಜು ಮಾಡಿ. ಮೂವತ್ತಡಿ ರಸ್ತೆಗೆ, ಅಂದರೆ ಒಂಬತ್ತು ಮೀಟರಿಗೆ, ಒಂದು ಮಹಡಿಯ ಹೆಂಚಿನ ಮನೆಗಳಿದ್ದರೆ ಬೀದಿ ಒಂದು ಹಜಾರದಂತೆ ಹಿತವಾಗಿರುತ್ತದೆ. ಇಪ್ಪತ್ತಡಿ ರಸ್ತೆಯ ಎರಡೂ ಬದಿಗೆ ಪಾರ್ಕಿಂಗಿನ ಮೇಲೆ ನಾಲ್ಕು ಮಹಡಿ ಎದ್ದರೆ ಎತ್ತರ ಅಗಲದ ಎರಡೂವರೆ ಪಟ್ಟಾಗಿ, ರಸ್ತೆಗೆ ಬಿಸಿಲು ನಡುಹಗಲಿಗೆ ಮಾತ್ರ ಬೀಳುತ್ತದೆ. ಎರಡನೆಯ ಮಹಡಿಯವರೆಗೆ ಮುಖ ಗುರುತಾಗುತ್ತದೆ, ತರಕಾರಿಯವರನ್ನು ಕೂಗಿ ಕರೆದು ಬುಟ್ಟಿ ಇಳಿಬಿಡಬಹುದು. ಅದರ ಮೇಲಿನವರು ಬೀದಿಯ ಪಾಲಿಗೆ ಊರಲ್ಲಿ ಇಲ್ಲದವರೇ.

ಮೂಲೆಯ ತಿರುವನ್ನೂ ನೋಡಿ. ಚೂಪಾಗಿ ತಿರುಗುವ ಮೂಲೆಯಲ್ಲಿ ವಾಹನ ನಿಧಾನಿಸಲೇಬೇಕು, ದುಂಡಗೆ ಕತ್ತರಿಸಿದ ಮೂಲೆಯಲ್ಲಿ ಕಾರು ಬ್ರೇಕು ಮುಟ್ಟದೆ ಒಳನುಗ್ಗುತ್ತದೆ. ಮಕ್ಕಳು ಯಾವ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾರೆ, ಯಾವುದರಲ್ಲಿ ಆಡುವುದಿಲ್ಲ ಎಂಬುದಕ್ಕೆ ಉತ್ತರ ಅನೇಕ ಸಲ ಅಲ್ಲಿಯೇ ಇರುತ್ತದೆ.

ಹಿಂದಿನ ಓಣಿ

ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಯನ್ನು ಓದುವವರು ಎದುರು ಬೀದಿಯನ್ನು ಹೊಗಳಿ ಮನೆಗೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ, ಎರಡು ಸಾಲು ಮನೆಗಳ ಬೆನ್ನು ಕೂಡುವಲ್ಲಿ ಇರುವ ಕನ್ಸರ್ವೆನ್ಸಿ ಲೇನ್‌ಗೆ ಇಳಿಯಿರಿ. ಒಳಚರಂಡಿ ಬರುವ ಮುನ್ನ ಮಲವನ್ನು ಹೊತ್ತೊಯ್ಯುವವರು ಈ ಓಣಿಯಿಂದ ಬಂದು ಈ ಓಣಿಯಿಂದಲೇ ಹೋಗಬೇಕಿತ್ತು. ಎದುರಿನ ವರಾಂಡ ಯಾರ ಕಣ್ಣನ್ನು ಕೂಡಿಸುತ್ತಿತ್ತೋ, ಹಿಂದಿನ ಓಣಿ ಯಾರ ಕಣ್ಣನ್ನು ತಪ್ಪಿಸುತ್ತಿತ್ತೋ, ಎರಡೂ ಒಂದೇ ನಕ್ಷೆಯಲ್ಲಿ ಒಂದೇ ಕೈ ಎಳೆದ ಗೆರೆಗಳು. ಹಳೆಯ ಬಡಾವಣೆಯ ಆತ್ಮೀಯತೆಯ ಬಗ್ಗೆ ಹಂಬಲಿಸುವಾಗ ನನಗೆ ಈ ಓಣಿ ಅಡ್ಡ ಬರುತ್ತದೆ, ಬರಬೇಕು ಕೂಡ. ಇಂದು ಈ ಓಣಿಗಳು ಕಸ, ಹಳೆಯ ಕಾರು, ಒತ್ತುವರಿಯ ಶೆಡ್ಡುಗಳಿಗೆ ಮೀಸಲಾಗಿವೆ. ಮತ್ತೆ ಕೆಲವೆಡೆ ಬಣ್ಣ ಬಳಿದು, ದೀಪ ಹಾಕಿ ನಡೆಯುವ ದಾರಿ ಮಾಡಿದ್ದಾರೆ. ನಿಮ್ಮ ನಕ್ಷೆಯಲ್ಲಿ ಅವುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಯಾವುದು ಎರಡೂ ತುದಿಗೆ ತೆರೆದಿದೆ ಎಂದು ನೋಡಿ. ತುದಿ ತೆರೆದ ಓಣಿಗೆ ಎರಡು ದೀಪ ಹಾಕಿದರೆ ಶಾಲೆಯ ಮಕ್ಕಳಿಗೆ ವಾಹನವಿಲ್ಲದ ದಾರಿ ಸಿಗುತ್ತದೆ.

ಬರೆದುಕೊಂಡದ್ದನ್ನು ಏನು ಮಾಡುವುದು

ಸಂಜೆಯ ನಡಿಗೆಯಲ್ಲಿ ಒಂದೇ ಎಣಿಕೆ ಸಾಕು: ಬೀದಿಯಲ್ಲಿ ನಿಂತವರು ಮತ್ತು ಕುಳಿತವರು ಎಷ್ಟು ಜನ, ಅವರಲ್ಲಿ ಹೆಂಗಸರು, ಮಕ್ಕಳು, ಮುದುಕರು ಎಷ್ಟು. ನಡೆದು ಹೋಗುವವರನ್ನು ಬಿಟ್ಟುಬಿಡಿ. ಈ ಅಂಕಿಯನ್ನು ಬೆಳಗಿನ ಬಾಗಿಲುಗಳ ಎಣಿಕೆ, ತೆ ಮತ್ತು ಅ ಗುರುತುಗಳು, ಬುಟ್ಟಿ ಇಳಿಸುವ ಜಾಗಗಳ ಪಕ್ಕದಲ್ಲಿ ಇಟ್ಟು ನೋಡಿ. ನಾನು ನಡೆದಲ್ಲೆಲ್ಲ ಇವು ಹೆಚ್ಚು ಕಡಿಮೆ ಒಟ್ಟಿಗೇ ಏರಿವೆ, ಒಟ್ಟಿಗೇ ಇಳಿದಿವೆ. ತಾಳೆಯಾಗದ ಬೀದಿ ಸಿಕ್ಕರೆ ಅಲ್ಲಿ ನಿಲ್ಲಿ, ಏಕೆಂದರೆ ಅಲ್ಲಿ ಕಟ್ಟಡಕ್ಕಿಂತ ಬಲವಾದದ್ದೇನೋ ಕೆಲಸ ಮಾಡುತ್ತಿರುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಹೊರಟಾಗ ಪೇಟೆಯ ಅತಿ ಇಕ್ಕಟ್ಟಾದ ಬೀದಿಗಳೂ ತಮ್ಮ ಅಳತೆಯನ್ನು ಮರೆಯುತ್ತವೆ. ತವಕ್ಕಲ್ ಮಸ್ತಾನ್ ದರ್ಗಾದವರೆಗೆ ಹೋಗುವ ಆ ದಾರಿಯನ್ನು ಯಾವ ಟೇಪೂ ವಿವರಿಸಲಾರದು.

ನೀವು ಮನೆ ಕಟ್ಟಿಸುವವರಾಗಿದ್ದರೆ ಕೆಲಸ ಸುಲಭ. ರಸ್ತೆ ಕಡೆಯ ಗೋಡೆಯನ್ನು ನಾಲ್ಕು ಅಡಿಗೆ ನಿಲ್ಲಿಸಿ, ಮೇಲೆ ಬೇಕಿದ್ದರೆ ಕಂಬಿ ಹಾಕಿಸಿ. ಗೇಟಿಗೆ ತಗಡಿನ ಬದಲು ಸರಳು ಹಾಕಿಸಿ. ಪಾರ್ಕಿಂಗಿನ ಒಂದು ಬದಿಯಲ್ಲಿ, ರಸ್ತೆ ಕಾಣುವಂತೆ, ಆರು ಅಡಿ ಅಗಲದ ಕೋಣೆಯನ್ನೋ ಜಗಲಿಯನ್ನೋ ಉಳಿಸಿ. ಕಾರಿನ ಇಳಿಜಾರನ್ನು ಕಾಲುದಾರಿಯ ಮೇಲೆ ಚಾಚದೆ ಗೇಟಿನ ಒಳಗೆ ಮಾಡಿಸಿ. ಕಳ್ಳರ ಭಯಕ್ಕೆ ಎತ್ತರದ ಗೋಡೆ ಬೇಕೆಂದು ಕಂಟ್ರಾಕ್ಟರು ಹೇಳುತ್ತಾರೆ. ಆಳೆತ್ತರದ ಗೋಡೆಯನ್ನು ಒಮ್ಮೆ ಹಾರಿದ ಕಳ್ಳನನ್ನು ಆಮೇಲೆ ಬೀದಿಯವರು ಯಾರೂ ನೋಡಲಾರರು ಎಂಬುದನ್ನು ಅವರಿಗೆ ತಿಳಿಸಿ ಹೇಳಿ.

ಬಾಡಿಗೆಯವರೂ ಮಾಡಬಹುದಾದದ್ದಿದೆ. ವಾರ್ಡ್ ಸಮಿತಿಯ ಸಭೆಗೆ ಹೋಗುವಾಗ "ಫುಟ್‌ಪಾತ್ ಸರಿ ಮಾಡಿ" ಎಂಬ ಅರ್ಜಿಗೆ ಬದಲಾಗಿ ನಿಮ್ಮ ಚೌಕುಳಿ ಹಾಳೆಯನ್ನು ಒಯ್ಯಿರಿ: ಯಾವ ಮನೆಯಿಂದ ಯಾವ ಮನೆಯವರೆಗೆ ನಡಿಗೆಯ ಜಾಗ 1.8 ಮೀಟರಿಗಿಂತ ಕಡಿಮೆಯಿದೆ, ಅಡ್ಡ ಏನಿದೆ, ನೆರಳು ಎಲ್ಲಿ ತುಂಡಾಗಿದೆ. ಹಾಳೆ ಕೊಟ್ಟು ಬರುವ ಮುನ್ನ ಇನ್ನೊಂದು ನಡಿಗೆ ಬಾಕಿಯಿರುತ್ತದೆ, ಅದನ್ನು ಮುಂಗಾರಿನ ದೊಡ್ಡ ಮಳೆ ನಿಂತ ಅರ್ಧ ಗಂಟೆಯೊಳಗೆ ಮಾಡಬೇಕು. ಚಪ್ಪಲಿ ಕೈಯಲ್ಲಿ ಹಿಡಿದು, ನೀರು ಎಲ್ಲೆಲ್ಲಿ ನಿಂತಿದೆ, ಯಾರ ಗೇಟಿನ ಇಳಿಜಾರು ಅದನ್ನು ತಡೆದಿದೆ ಎಂಬುದನ್ನು ನೀಲಿ ಬಣ್ಣದಲ್ಲಿ ಗುರುತಿಸಿ, ಪಕ್ಕದಲ್ಲಿ ತಾರೀಖು ಹಾಕಿ.